ತುರ್ಗುನ್ ಅಜ್ಜನ ದುವಾ

ಚೋರ್‌ತುತ್ ಮೊಹಲ್ಲಾದಲ್ಲಿ ತುರ್ಗುನ್ ಅಜ್ಜ ಕೈ ಎತ್ತದೆ ಯಾವ ಕೂಟವೂ ಮುಗಿದದ್ದಿಲ್ಲ. ಮದುವೆಯಿರಲಿ, ಮಣ್ಣು ಮಾಡುವುದಿರಲಿ, ಯಾರದೋ ಮಗ ಸೈನ್ಯದಿಂದ ವಾಪಸ್ ಬಂದ ಖುಷಿಯಿರಲಿ, ಉಂಡು ಚಹಾ ಕುಡಿದ ಮೇಲೆ ಎಲ್ಲರೂ ಅಜ್ಜನ ಮುಖ ನೋಡುತ್ತಾರೆ. ಅಜ್ಜ ಎರಡೂ ಅಂಗೈ ತೆರೆದು ಎದೆಮಟ್ಟಕ್ಕೆ ಎತ್ತಿ, ನಾಲ್ಕು ಒಳ್ಳೆಯ ಮಾತು ಹೇಳಿ, ‘ಆಮೀನ್’ ಎಂದು ಮುಖ ಸವರಿಕೊಂಡರೆ ಕೂಟ ಮುಗಿಯಿತು. ಅಲ್ಲಿಯವರೆಗೆ ಕಾಲು ಜೋಮು ಹಿಡಿದರೂ ಯಾರೂ ಏಳುವ ಹಾಗಿಲ್ಲ. ದುವಾ ಆದ ಮೇಲೆ ಮಾತು ಮುರಿಯುವ ಹಾಗೂ ಇಲ್ಲ. ದುವಾ ಕೊಟ್ಟು ಹೆಣ್ಣು ಒಪ್ಪಿಸಿದವರು ಆಮೇಲೆ ಬೇಡವೆಂದರೆ ಆ ಮನೆ ಬಾಗಿಲಿಗೆ ಇನ್ನೊಂದು ಸಂಬಂಧ ಬರುವುದಿಲ್ಲ. ನಮ್ಮಲ್ಲಿ ಹಾಗೆ.

ಎಪ್ಪತ್ತಾರು ವರ್ಷದ ಅಜ್ಜನಿಗೆ ಇದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು, ಸುಳ್ಳೇಕೆ ಹೇಳಬೇಕು. ಹೆಂಡತಿ ಹಾಲಿಮಾಗೆ ಅದು ಗೊತ್ತಿತ್ತು.

“ನಿಮ್ಮ ಕೈಗೆ ಭಾರೀ ಅವಸರ,” ಎಂದು ಛೇಡಿಸುತ್ತಿದ್ದಳು. “ಯಾರು ಕೇಳಿದ್ರೂ ಎತ್ತಿಬಿಡ್ತೀರಿ. ಮೊನ್ನೆ ಗ್ಯಾಸ್ ಮೀಟರ್ ನೋಡೋಕೆ ಬಂದೋನಿಗೂ ದುವಾ ಕೊಟ್ರಿ. ಬಿಲ್ಲೇನಾದ್ರೂ ಕಮ್ಮಿ ಬಂತಾ?”

“ಬಾಗಿಲಿಗೆ ಬಂದೋನನ್ನ ಬರಿಗೈಲಿ ಕಳಿಸ್ಲಾ?” ಎನ್ನುತ್ತಿದ್ದ ಅಜ್ಜ.

ಮೊಹಲ್ಲಾದ ಒಂದು ಪಕ್ಕಕ್ಕೆ ಮೆಟ್ರೋ ಸ್ಟೇಷನ್ನು. ನಲವತ್ತು ವರ್ಷದ ಹಿಂದೆ ಅದನ್ನು ಅಗೆದವರಲ್ಲಿ ಅಜ್ಜ ಒಬ್ಬ, ಪಕ್ಕದ ಮನೆಯ ಎರ್ಗಾಷ್ ಇನ್ನೊಬ್ಬ. ಮೂರು ವರ್ಷ ಇಬ್ಬರೂ ನೆಲದಡಿಯಲ್ಲಿ ಒಂದೇ ಬಟ್ಟಲಿನಲ್ಲಿ ಉಂಡರು. ಅಗೆಯುವಾಗ ಮೊಹಲ್ಲಾದ ಗೋಡೆಗಳೆಲ್ಲ ಬಿರುಕುಬಿಟ್ಟವು. ಯಾರೂ ತಕರಾರು ಎತ್ತಲಿಲ್ಲ. ಅಗೆಯುವವರು ನಮ್ಮ ಹುಡುಗರೇ ತಾನೆ ಎಂದು ಬಿರುಕಿಗೆ ಮಣ್ಣು ಮೆತ್ತಿಕೊಂಡು ಸುಮ್ಮನಾದರು.

ಎರ್ಗಾಷ್ ಸತ್ತು ಹನ್ನೊಂದು ವರ್ಷವಾಯಿತು. ಅವನ ಹೆಂಡತಿ ಮಸ್ತೂರಾ ಅಂಗಳದ ತಂದೂರಿನಲ್ಲಿ ರೊಟ್ಟಿ ಸುಟ್ಟು, ಹಳೆಯದೊಂದು ಮಕ್ಕಳ ತಳ್ಳುಗಾಡಿಯಲ್ಲಿ ಜೋಡಿಸಿ, ಮೇಲೆ ದಪ್ಪ ಬಟ್ಟೆ ಹೊದಿಸಿ ಸ್ಟೇಷನ್ ಮೆಟ್ಟಿಲ ಬಳಿ ಮಾರುತ್ತಾಳೆ. ಬೆಳಗ್ಗೆ ಕೆಲಸಕ್ಕೆ ಹೋಗುವವರು ಬಿಸಿ ರೊಟ್ಟಿ ಮುರಿದು ತಿನ್ನುತ್ತಲೇ ಮೆಟ್ಟಿಲಿಳಿಯುತ್ತಾರೆ. ಆ ತಂದೂರನ್ನು ಕಟ್ಟಿದ್ದೂ ಎರ್ಗಾಷ್ ಮತ್ತು ಅಜ್ಜನೇ. ಸ್ಟೇಷನ್ನಿನ ಗುಂಡಿಯಿಂದ ತಂದ ಹಳದಿ ಮಣ್ಣಿಗೆ ಕುರಿಯ ಉಣ್ಣೆ ಕಲಸಿ, ಮೂರು ದಿನ ಬರಿಗಾಲಲ್ಲಿ ತುಳಿದು ಕಟ್ಟಿದ್ದು. ಮಸ್ತೂರಾಗೆ ಮಕ್ಕಳಿಲ್ಲ, ಬರುವ ಪಿಂಚಣಿ ಔಷಧಿಗೇ ಸಾಲದು. ತಂದೂರು ಉರಿದರೆ ಅವಳ ಹೊಟ್ಟೆಗೆ ಹಿಟ್ಟು.

ಈಗ ನೋಡಿ, ಆ ಸ್ಟೇಷನ್ ಇದೆ ಎಂಬ ಕಾರಣಕ್ಕೇ ಈ ಮಣ್ಣಿನ ಮನೆಗಳ ಮೇಲೆ ಕಣ್ಣು ಬಿತ್ತು. ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯಲ್ಲಿ ಎಲ್ಲೆಲ್ಲಿ ತಗ್ಗು ಮನೆಗಳಿವೆಯೋ ಅಲ್ಲೆಲ್ಲ ಅವನ್ನು ಕೆಡವಿ ಹದಿನಾರು ಮಹಡಿ ಏಳಬೇಕಂತೆ, ಇದ್ದವರಿಗೆ ಅದರಲ್ಲೇ ಮನೆಯಂತೆ. ಆದರೆ ಜನರನ್ನು ಕೇಳಿಯೇ ಮಾಡಬೇಕು, ಅವರ ಅಭಿಪ್ರಾಯ ಬರೆಸಿಕೊಳ್ಳಬೇಕು, ನಲವತ್ಮೂರು ಮನೆಯವರೂ ಸಹಿ ಹಾಕಬೇಕು, ಒಂದು ಸಹಿ ಕಡಿಮೆಯಾದರೂ ಒಂದು ಇಟ್ಟಿಗೆ ಕೀಳುವಂತಿಲ್ಲ ಎಂದು ನಿಯಮವಿತ್ತು. ನಿಯಮ ಒಳ್ಳೆಯದೇ. ನಿಯಮದ ಮೇಲೆ ನನಗೇನೂ ಸಿಟ್ಟಿಲ್ಲ.

ಸೆಪ್ಟೆಂಬರಿನಲ್ಲಿ ಮೊದಲ ಸಭೆ ಚಾಯ್‌ಖಾನೆಯಲ್ಲಿ ನಡೆಯಿತು. ಕಟ್ಟುವ ಕಂಪನಿಯ ಕಡೆಯಿಂದ ಅಸ್ರೋರ್ ಎಂಬ ಹುಡುಗ ಬಂದಿದ್ದ. ಮೂವತ್ತರ ಒಳಗಿನವನು. ಎದೆಯ ಮೇಲೆ ಕೈಯಿಟ್ಟು ಪ್ರತಿಯೊಬ್ಬ ಹಿರಿಯನ ಮುಂದೂ ಬಾಗಿ, ಮನೆಯಲ್ಲಿ ಎಲ್ಲ ಸೌಖ್ಯವೇ, ಮೊಮ್ಮಕ್ಕಳು ಸೌಖ್ಯವೇ ಎಂದು ವಿಚಾರಿಸಿದ. ಬೈಯಬೇಕೆಂದು ಬಂದವರಿಗೂ ಬೈಯಲು ಬಾಯಿ ಬರಲಿಲ್ಲ. ಗೋಡೆಗೆ ಬಣ್ಣದ ಚಿತ್ರಗಳನ್ನು ಅಂಟಿಸಿ, ಎಲ್ಲರ ಕೈಗೂ ಹಳದಿ ಚೀಟಿ ಕೊಟ್ಟ.

“ನಿಮ್ಮ ಮೊಹಲ್ಲಾ, ನಿಮ್ಮ ಮಾತೇ ಮೊದಲು. ಏನು ಬೇಕೋ ಬರೀರಿ, ಈ ಡಬ್ಬೀಲಿ ಹಾಕಿ.”

ಟ್ಯಾಕ್ಸಿ ಓಡಿಸುವ ಕುದ್ರತ್ ಕೂತಲ್ಲಿಂದಲೇ ಕೂಗಿದ: “ಹನ್ನೆರಡನೇ ಮಹಡೀಲಿ ಮನೆ ಕೊಟ್ರೆ ಹಬ್ಬದ ಕುರಿ ಹೆಂಗಪ್ಪಾ ಹತ್ತಿಸೋದು? ಲಿಫ್ಟಲ್ಲಾ? ಅದು ಯಾವ ಗುಂಡಿ ಒತ್ತುತ್ತೆ?”

ಎಲ್ಲರೂ ನಕ್ಕರು. ಅಸ್ರೋರ್ ಕೂಡ ನಕ್ಕ. “ಬರೀರಿ ಅಣ್ಣ, ಅದನ್ನೂ ಬರೀರಿ.”

ಹೆಂಗಸರ ಚಾಪೆಯಿಂದ ಮಸ್ತೂರಾ ಕೇಳಿದಳು, “ನನ್ನ ತಂದೂರು ಎಲ್ಲಿ ಇಡ್ತೀಯಪ್ಪ?”

“ಬರೀರಿ ಅಕ್ಕ.”

ಮಸ್ತೂರಾ ಬರೆದಳು. ಅಕ್ಷರ ಅವಳ ಕೈಯಲ್ಲಿ ನಿಧಾನ. ಬಾಕಿಯವರೆಲ್ಲ ಮುಗಿಸಿದ ಮೇಲೂ ಅವಳೊಬ್ಬಳು ಬಗ್ಗಿ ಬರೆಯುತ್ತಲೇ ಇದ್ದುದನ್ನು ಅಜ್ಜ ನೋಡಿದ. ತಾನೂ ಎದ್ದು ಅವಳ ತಂದೂರಿನ ಬಗ್ಗೆ ಒಂದು ಮಾತು ಕೇಳಬೇಕು ಎಂದುಕೊಂಡ. ಅಷ್ಟರಲ್ಲಿ ಪಲಾವು ಬಂತು. ಕಂಪನಿಯವರದೇ ಪಲಾವು. ಒಳ್ಳೆ ಮಾಂಸ, ಹಳದಿ ಗಜ್ಜರಿ, ಇಡೀ ಇಡೀ ಬೆಳ್ಳುಳ್ಳಿ ಗಡ್ಡೆ. ಉಣ್ಣುವಾಗ ಯಾರು ಮಾತಾಡುತ್ತಾರೆ?

ಉಂಡಾದ ಮೇಲೆ ಅಸ್ರೋರ್ ಅಜ್ಜನ ಮುಂದೆ ಮಂಡಿಯೂರಿ ಕೂತು, “ಅಜ್ಜ, ಒಂದು ದುವಾ ಕೊಡಿ,” ಎಂದ.

ಅಜ್ಜನ ಕೈ ಅದರ ಪಾಡಿಗೆ ಅದು ಎದ್ದಿತು. “ಕೂತು ಉಂಡ ಈ ಜಾಗ ತುಂಬಿರಲಿ. ಬಂದ ಅತಿಥಿಯ ಕೆಲಸ ಸಲೀಸಾಗಲಿ. ದೇವರು ಎಲ್ಲರಿಗೂ ನೆಮ್ಮದಿ ಕೊಡಲಿ. ಆಮೀನ್.” ಇಡೀ ಮೊಹಲ್ಲಾ ಆಮೀನ್ ಎಂದು ಮುಖ ಸವರಿಕೊಂಡು ಎದ್ದಿತು.

ಎರಡು ವಾರ ಕಳೆದಿರಬೇಕು. ಕುದ್ರತ್ ಬೀದಿ ಕಾಲುವೆಯ ಪಕ್ಕ ಕಾರು ತೊಳೆಯುತ್ತಿದ್ದವನು ಅಜ್ಜನನ್ನು ಕಂಡು ಬಟ್ಟೆ ಹಿಂಡುತ್ತ ಕೇಳಿದ, “ಏನಜ್ಜ, ಎಷ್ಟನೇ ಮಹಡಿ ಬೇಕು ಅಂತ ಬರ್ದಿದೀರಿ?”

“ಯಾವ ಮಹಡಿ?”

“ಕಂಪನಿ ಆಫೀಸಲ್ಲಿ ಸಹಿ ಹಾಕುವಾಗ ಕೇಳ್ಲಿಲ್ವಾ? ನಾನು ಮೂರನೇದು ಅಂದೆ. ನನ್ನ ಹೆಂಡ್ತಿಗೆ ಎತ್ತರ ಅಂದ್ರೆ ತಲೆ ಸುತ್ತುತ್ತೆ.”

“ನೀನು ಸಹಿ ಹಾಕಿದ್ಯಾ?”

“ಎಲ್ರೂ ಹಾಕಿದ್ರು. ನೀವು ಕೈ ಎತ್ತಿದ ಮೇಲೆ ಇನ್ನೇನು ಯೋಚ್ನೆ? ನಂಗೇನು ಇಷ್ಟ ಇತ್ತಾ? ಆ ದಾಳಿಂಬೆ ಗಿಡ ನಮ್ಮಪ್ಪ ನೆಟ್ಟಿದ್ದು. ಆದ್ರೆ ಅಜ್ಜ ದುವಾ ಕೊಟ್ಟಾಯ್ತು, ನಾನ್ಯಾವನು ಬೇಡ ಅನ್ನೋಕೆ?”

ಅಜ್ಜ ಮನೆಗೆ ಬಂದು ಮಗ ಬೊತಿರ್‌ನನ್ನು ಕರೆದ. ಮನೆ ಐದು ವರ್ಷದಿಂದ ಮಗನ ಹೆಸರಿನಲ್ಲಿತ್ತು.

“ನೀನೂ ಸಹಿ ಹಾಕಿದ್ಯಾ?”

“ಮೊದಲ ದಿನವೇ ಹಾಕ್ದೆ,” ಎಂದ ಬೊತಿರ್. ಅಪ್ಪ ಮೆಚ್ಚುತ್ತಾನೆಂದೇ ಅವನು ತಿಳಿದಿದ್ದ. “ದುವಾ ಕೊಟ್ಟೋರ ಮನೇದೇ ಸಹಿ ಇಲ್ಲ ಅಂದ್ರೆ ನಿಮ್ಮ ಮರ್ಯಾದೆ ಏನಾಗೋದು?”

“ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?”

“ಅಪ್ಪ, ನೀವು ಎಲ್ಲರ ಎದುರಿಗೇ ಹೇಳಿದ್ರಲ್ಲ. ಅದರ ಮೇಲೆ ಕೇಳಿದ್ರೆ ನಿಮ್ಮ ಮಾತಿಗೆ ಏನು ಬೆಲೆ ಕೊಟ್ಟ ಹಾಗಾಯ್ತು?”

ಅತಿಥಿಗೆ ಒಳ್ಳೆಯದಾಗಲಿ ಅಂದದ್ದು ನನ್ನ ಮನೆ ಒಡೆಯಿರಿ ಅಂದ ಹಾಗಾಯಿತೇ? ಅಜ್ಜ ಹಾಗೆ ಅಂದುಕೊಂಡಿರಲಿಲ್ಲ. ಆದರೆ ಎತ್ತಿದ ಕೈ ಕಂಡವರಿಗೆ ಮನಸ್ಸು ಎಲ್ಲಿ ಕಂಡೀತು? ತಪ್ಪು ಅವರದಲ್ಲ, ತನ್ನದೂ ಪೂರ್ತಿ ಅಲ್ಲ, ಆ ಅಸ್ರೋರ್ ಕೂಡ ಮೋಸ ಮಾಡಿದ ಎನ್ನುವ ಹಾಗಿಲ್ಲ. ಅದೇ ಅಜ್ಜನನ್ನು ಕೊರೆಯತೊಡಗಿತು. ಬೈಯಲು ಯಾರಾದರೂ ಒಬ್ಬರು ಸಿಕ್ಕಿದ್ದರೆ ಆಗುತ್ತಿತ್ತು.

ನಲವತ್ತೆರಡು ಸಹಿ ಬಿದ್ದಿತ್ತು. ಉಳಿದದ್ದು ಮಸ್ತೂರಾಳದು ಒಂದೇ. ತಂದೂರಿಗೆ ನೆಲದ ಮೇಲೆ ಜಾಗ ಕೊಡುತ್ತೇವೆಂದು ಕಾಗದದಲ್ಲಿ ಬರೆದುಕೊಡುವವರೆಗೆ ಹಾಕುವುದಿಲ್ಲ ಎಂದು ಅವಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಮೊದಮೊದಲು ಜನ ಸುಮ್ಮನಿದ್ದರು. ಆಮೇಲೆ ಸಹಿ ಹಾಕಿದವರಿಗೇ ಅವಳ ಮೇಲೆ ಸಿಟ್ಟು ಬಂತು. ನಮಗೇನು ಮನೆಯ ಮೇಲೆ ಆಸೆ ಇರಲಿಲ್ಲವೇ, ಅಜ್ಜನ ದುವಾಕ್ಕೆ ನಾವು ತಲೆ ಬಾಗಿದೆವು, ಇವಳೊಬ್ಬಳು ಯಾವ ದೊಡ್ಡವಳು ಎಂದರು. ತಳ್ಳುಗಾಡಿಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸಿಕೊಂಡರು. ಮೊಹಲ್ಲಾದವರು ಅಂಗಡಿಯ ಪ್ಲಾಸ್ಟಿಕ್ ಚೀಲದ ಬ್ರೆಡ್ಡು ತರತೊಡಗಿದರು. ಹಾಲಿಮಾ ಒಬ್ಬಳು ದಿನವೂ ನಾಲ್ಕು ರೊಟ್ಟಿ ತರುತ್ತಿದ್ದಳು. ಎರಡು ಉಳಿದು ಒಣಗುತ್ತಿದ್ದವು.

ನವೆಂಬರಿನಲ್ಲಿ ಎರಡನೇ ಸಭೆಯ ಚೀಟಿ ಬಾಗಿಲಿಗೆ ಅಂಟಿತು. ಜನ ಬರೆದದ್ದಕ್ಕೆಲ್ಲ ಶುಕ್ರವಾರ ಉತ್ತರ ಓದುತ್ತಾರಂತೆ.

“ನಾನು ಆ ದುವಾನ ವಾಪಸ್ ತಗೋತೀನಿ,” ಎಂದ ಅಜ್ಜ ಹಾಲಿಮಾಗೆ.

ಹಾಲಿಮಾ ಚಹಾ ಬಗ್ಗಿಸುತ್ತಿದ್ದವಳು ಕೆಟಲಿ ಕೆಳಗಿಟ್ಟಳು. “ಈ ವಯಸ್ಸಲ್ಲಿ ಉಗುಳಿದ್ದನ್ನ ನೆಕ್ತೀರಾ?”

“ನೆಕ್ತೀನಿ.”

“ನಾಳೆಯಿಂದ ಯಾರೂ ನಿಮ್ಮ ಕೈ ಕಡೆ ನೋಡಲ್ಲ.”

“ನೋಡದೆ ಇರ್ಲಿ. ನೋಡಿ ನೋಡಿ ಏನಾಯ್ತು ಅಂತ ಗೊತ್ತಾಯ್ತಲ್ಲ. ಒಂದು ಸಹಿ ಉಳಿದಿದೆ, ಅದು ಉಳೀಲಿ. ಎರ್ಗಾಷ್‌ಗೆ ಮೇಲೆ ಹೋಗಿ ಏನಂತ ಮುಖ ತೋರಿಸ್ಲಿ?”

ಹಾಲಿಮಾ ಚಹಾದ ಬಟ್ಟಲನ್ನು ಅವನ ಮುಂದೆ ಸರಿಸಿದಳು. ಆಮೇಲೆ, “ಹೋಗಿ ಮೊದಲು ಅವಳಿಗೆ ಹೇಳಿ,” ಎಂದಳು. “ಸಭೇಲಿ ಹೇಳೋಕೆ ಮುಂಚೆ ಅವಳಿಗೆ ಹೇಳಿ.”

ಬುದ್ಧಿ ಮಾತು. ಅಜ್ಜ ಗುರುವಾರ ಬೆಳಗ್ಗೆ ಹೊರಟ. ನಡುವೆ ಇರುವುದು ಒಂದು ಗೋಡೆ. ಆದರೂ ಬೀದಿ ಸುತ್ತಿ ಬಾಗಿಲವರೆಗೆ ಹೋಗಿ ಒಮ್ಮೆ ವಾಪಸ್ ಬಂದ, ಮತ್ತೆ ಹೋದ.

ಮಸ್ತೂರಾ ಒಂದು ಕೈಗೆ ಮೊಣಕೈವರೆಗೆ ದಪ್ಪ ಕೈಗವಸು ಹಾಕಿಕೊಂಡು ತಂದೂರಿನೊಳಗೆ ಬಗ್ಗಿ ರೊಟ್ಟಿ ಬಡಿಯುತ್ತಿದ್ದಳು. ನೆಲದಡಿ ರೈಲು ಹೋಯಿತು. ಒಳಗಿನ ಗೂಡಿನಲ್ಲಿ ಬಟ್ಟಲುಗಳು ಕಿಣಿಕಿಣಿ ಎಂದವು. ಆ ಸದ್ದು ಬಂದಾಗಲೆಲ್ಲ ಎರ್ಗಾಷ್ “ನಮ್ಮ ರೈಲು ಬಂತು ನೋಡು” ಎನ್ನುತ್ತಿದ್ದ.

“ಬನ್ನಿ ತುರ್ಗುನಣ್ಣ, ಕೂತ್ಕೊಳ್ಳಿ. ಬಿಸಿದು ತಿನ್ನಿ.”

ಅಜ್ಜ ಕೂತ. ಜಗಲಿಯ ಮೇಲೆ ನಿನ್ನೆಯ ರೊಟ್ಟಿ ಎರಡು ಸಾಲು ಹಾಗೇ ಇದ್ದವು.

“ಜನ ಏನಾದ್ರೂ ಅಂತಿದಾರಾ?”

“ಯಾರೂ ಏನೂ ಅನ್ನಲ್ಲ. ಅಂದಿದ್ರೆ ನಾನೂ ಅನ್ನಬಹುದಿತ್ತು. ಕುದ್ರತ್‌ನ ಹೆಂಡ್ತಿ ಹೆರಿಗೆ ದಿನ ನಾನೇ ಪಕ್ಕದಲ್ಲಿದ್ದೆ. ಈಗ ಆಚೆ ಬದಿಯಿಂದ ಹೋಗ್ತಾಳೆ.” ಅವಳು ಹಿಟ್ಟಿನ ಕೈ ಒರೆಸಿಕೊಂಡು ಅಜ್ಜನ ಕಡೆ ತಿರುಗಿದಳು. “ಅಣ್ಣ, ಒಂದು ಮಾತು ಕೇಳ್ತೀನಿ. ಜನ ಹೇಳೋದು ಬಿಡಿ. ನೀವು ಈ ಕೆಲಸಕ್ಕೆ ದುವಾ ಕೊಟ್ಟಿದ್ದು ನಿಜಾನಾ?”

ಇದೇ ಮಾತಿಗೆ ಅಜ್ಜ ಬಂದಿದ್ದ. ಅವನು ಗಂಟಲು ಸರಿಮಾಡಿಕೊಂಡು, “ಕೊಟ್ಟೆ ತಂಗಿ,” ಎಂದ. ಕೊಟ್ಟೆ, ಆದರೆ ಇದಕ್ಕಲ್ಲ ಎನ್ನಬೇಕಿತ್ತು. ಅಷ್ಟರಲ್ಲಿ ತಂದೂರಿನಿಂದ ಸೀದ ವಾಸನೆ ಬಂತು. ಅವಳು ಓಡಿಹೋಗಿ ಬಗ್ಗಿ ರೊಟ್ಟಿಗಳನ್ನು ಒಂದೊಂದಾಗಿ ಕಿತ್ತು ತೆಗೆದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ಹೊಗೆಗೆ ಅಂದುಕೊಂಡ ಅಜ್ಜ.

ಬಾಕಿ ಮಾತು ಬಾಯಿಯಲ್ಲೇ ಉಳಿಯಿತು. ಹೆಂಗಸಿನ ಮುಂದೆ, ಅದೂ ಸತ್ತ ಗೆಳೆಯನ ಹೆಂಡತಿಯ ಮುಂದೆ, ನಾನು ಯೋಚಿಸದೆ ಕೈ ಎತ್ತಿದೆ ಎಂದು ಒಪ್ಪಿಕೊಳ್ಳಲು ಮುದುಕನಿಗೆ ನಾಚಿಕೆಯಾಯಿತು. ಹೇಗೂ ನಾಳೆ ಎಲ್ಲರ ಎದುರಿಗೇ ಹೇಳುತ್ತೇನಲ್ಲ, ಅಲ್ಲಿ ಹೇಳಿದರೇ ತೂಕ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಂದು ನಿಮಿಷ ನಾಚಿಕೆ ಬಿಟ್ಟಿದ್ದರೆ ಸಾಕಿತ್ತು.

“ನಾಳೆ ಸಭೆಗೆ ಬಾ ತಂಗಿ. ತಪ್ಪಿಸ್ಬೇಡ.”

“ಬರ್ತೀನಿ ಅಣ್ಣ,” ಎಂದಳು ಮಸ್ತೂರಾ, ತಂದೂರಿನ ಬಾಯಿಗೆ ಮುಚ್ಚಳ ಎಳೆಯುತ್ತ.

ಶುಕ್ರವಾರ ಮಂಜು ಕವಿದಿತ್ತು. ನಮಾಜು ಮುಗಿಸಿ ಜನ ಚಾಯ್‌ಖಾನೆಯಲ್ಲಿ ಸೇರಿದರು. ಒಲೆ ಹೊಗೆಯಾಡುತ್ತಿತ್ತು. ಅಸ್ರೋರ್ ಮತ್ತೆ ಎಲ್ಲರಿಗೂ ಬಾಗಿ, ಎಲ್ಲರ ಮೊಮ್ಮಕ್ಕಳನ್ನೂ ವಿಚಾರಿಸಿ, ಕಾಗದ ತೆಗೆದು ಓದಿದ. ಮೊಹಲ್ಲಾದ ಹಳೆಯ ಹಿಪ್ಪುನೇರಳೆ ಮರ ಉಳಿಸಿ ಎಂದು ಬರೆದವರಿಗೆ: ಮರ ನಿಂತ ಜಾಗದಲ್ಲಿ ಕಾರು ನಿಲ್ಲಿಸುವ ವ್ಯವಸ್ಥೆ ಬರುವುದರಿಂದ ಆಗುವುದಿಲ್ಲ, ಆದರೆ ಕಟ್ಟಡಕ್ಕೆ ಆ ಮರದ ಹೆಸರಿಡಲಾಗುವುದು. ಮದುವೆಯ ಪಲಾವಿನ ಹಂಡೆ ಎಲ್ಲಿ ಹೂಡುವುದು ಎಂದವರಿಗೆ: ಹತ್ತಿರದ ಸಭಾಭವನವನ್ನು ಬಾಡಿಗೆಗೆ ಪಡೆಯಬಹುದು. ಕುರಿಯ ಬಗ್ಗೆ ಬರೆದವರಿಗೆ: ಸಾಕುಪ್ರಾಣಿಗಳ ನಿಯಮ ಅನ್ವಯಿಸುತ್ತದೆ. ಈ ಸಲ ಯಾರೂ ನಗಲಿಲ್ಲ. ತಂದೂರಿನ ಬಗ್ಗೆ ಬರೆದವರಿಗೆ: ಬೆಂಕಿಯ ಅಪಾಯದ ಕಾರಣ ತೆರೆದ ಒಲೆಗೆ ಅವಕಾಶವಿಲ್ಲ, ನೆಲಮಹಡಿಯಲ್ಲಿ ರೊಟ್ಟಿ ಅಂಗಡಿ ಬರಲಿದೆ, ಅದಕ್ಕೆ ಯಾರು ಬೇಕಾದರೂ ಅರ್ಜಿ ಹಾಕಬಹುದು.

ಅಜ್ಜ ಹೆಂಗಸರ ಕಡೆ ನೋಡಿದ. ಮಸ್ತೂರಾ ಕೈಕಟ್ಟಿ ಕೂತಿದ್ದಳು. ಆಶ್ಚರ್ಯವೆಂದರೆ ಅವಳ ಅಕ್ಕಪಕ್ಕ ಇವತ್ತು ಹೆಂಗಸರು ಕೂತಿದ್ದರು. ಕುದ್ರತ್‌ನ ಹೆಂಡತಿ ಅವಳಿಗೆ ಚಹಾ ಬಗ್ಗಿಸಿಕೊಟ್ಟಳು. ಅಜ್ಜ ಅದನ್ನು ಕಂಡ, ಕಂಡರೂ ಅರ್ಥವಾಗಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು ನಿಂತ.

“ನಾನು ಒಂದು ಮಾತು ಹೇಳ್ಬೇಕು.”

ಜನ ಅವನ ಕಡೆ ತಿರುಗಿದರು.

“ಅವತ್ತು ನಾನು ಕೈ ಎತ್ತಿದ್ದು ಈ ಹುಡುಗ ಅತಿಥಿ ಅಂತ. ಊಟ ಹಾಕ್ದ, ದುವಾ ಕೇಳ್ದ, ಕೊಟ್ಟೆ. ನಮ್ಮನೆ ಕೆಡವು ಅಂತ ಕೊಟ್ಟಿದ್ದಲ್ಲ. ನಿಮ್ಮನೆ ಕೆಡವು ಅನ್ನೋಕೆ ನಾನ್ಯಾರು? ನೀವು ನನ್ನ ಕೇಳ್ಲಿಲ್ಲ, ನಾನೂ ಬಾಯಿಬಿಟ್ಟು ಹೇಳ್ಲಿಲ್ಲ. ತಪ್ಪು ನಂದು. ಆ ದುವಾನ ನಾನು ವಾಪಸ್ ತಗೋತೀನಿ. ನಿಮ್ಮ ಸಹಿ ನಿಮ್ಮ ಇಷ್ಟ. ಆದ್ರೆ ಮಸ್ತೂರಾ ಹಾಕ್ಬೇಕಾಗಿಲ್ಲ. ನನ್ನ ಹೆಸರು ಹೇಳ್ಕೊಂಡು ಅವಳ ಮೇಲೆ ಯಾರೂ ಮುನಿಸ್ಕೋಬೇಡಿ.”

ಯಾರೋ ಮುದುಕ ತೋಬಾ ತೋಬಾ ಎಂದು ಗೊಣಗಿದ. ಬೊತಿರ್ ತಲೆ ತಗ್ಗಿಸಿದ. ಕುದ್ರತ್ ಅಜ್ಜನನ್ನೇ ನೋಡುತ್ತಿದ್ದ. ಅವನ ದಾಳಿಂಬೆ ಗಿಡ ಅವನ ಕಣ್ಣಲ್ಲೇ ಇತ್ತು.

ಅಸ್ರೋರ್ ತುಂಬ ಮೆಲ್ಲಗೆ ಹೇಳಿದ, “ಅಜ್ಜ, ನಲವತ್ಮೂರೂ ಆಗಿದೆ. ಮಸ್ತೂರಕ್ಕ ಬೆಳಗ್ಗೆ ಒಂಬತ್ತಕ್ಕೇ ಆಫೀಸಿಗೆ ಬಂದು ಹಾಕ್ಕೊಟ್ರು. ನಾನು ಕರೆದಿರ್ಲಿಲ್ಲ. ಮಧ್ಯಾಹ್ನಕ್ಕೇ ಕಾಗದ ನಗರ ಕಚೇರಿಗೆ ಹೋಯ್ತು.”

ಅಜ್ಜ ಮಸ್ತೂರಾಳ ಕಡೆ ತಿರುಗಿದ.

“ಯಾಕೆ ಹಾಕ್ದೆ?”

“ನೀವು ಕೊಟ್ಟೆ ಅಂದ್ರಲ್ಲ,” ಎಂದಳು ಅವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. “ಜನ ಹೇಳಿದ್ದು ನಾನು ನಂಬಿರ್ಲಿಲ್ಲ. ನಿಮ್ಮ ಬಾಯಿಂದ್ಲೇ ಕೇಳ್ದೆ. ನಾನೊಬ್ಳು ಸಹಿ ಹಾಕ್ದೆ ಕೂತ್ರೆ ನಿಮ್ಮ ದುವಾ ನೆಲಕ್ಕೆ ಬಿದ್ದ ಹಾಗಲ್ವಾ? ನಿಮ್ಮ ಕೈ ಸುಳ್ಳಾಯ್ತು ಅಂತ ಜನ ಆಡ್ಕೊಳ್ಳೋದನ್ನ ನಾನು ನೋಡ್ಲಾ? ನಮ್ಮನೆಯವರು ಇದ್ದಿದ್ರೂ ಹಾಕೋರು.”

ಅಜ್ಜ ನಿಂತಲ್ಲೇ ಕೂತ. ಅವಳು ಉಳಿಸಲು ಹೋದ ಮರ್ಯಾದೆಯನ್ನು ಅವನು ಈಗಷ್ಟೇ ಎಲ್ಲರ ಎದುರು ಕೈಯಾರೆ ಕಳೆದಿದ್ದ. ತಂದೂರೂ ಹೋಯಿತು, ಇದೂ ಹೋಯಿತು. ಒಂದು ಕೊಟ್ಟು ಇನ್ನೊಂದನ್ನು ಉಳಿಸಿಕೊಂಡ ಹಾಗೂ ಆಗಲಿಲ್ಲ.

ಅಸ್ರೋರ್ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡ. ಇನ್ನು ಹೇಳುವುದೇನೂ ಉಳಿದಿರಲಿಲ್ಲ. ಆದರೂ ಯಾರೂ ಏಳಲಿಲ್ಲ. ಬಟ್ಟಲಲ್ಲಿ ಚಹಾ ಆರಿತು. ಒಲೆಯ ಹತ್ತಿರ ಯಾರೋ ಕೆಮ್ಮಿದರು. ಒಬ್ಬೊಬ್ಬರಾಗಿ ಎಲ್ಲರೂ ಅಜ್ಜನ ಕಡೆ ನೋಡತೊಡಗಿದರು. ವಾಪಸ್ ತಗೊಂಡ ದುವಾದ ಮೇಲೆ ಇನ್ನೊಂದು ದುವಾ ಕೇಳಬಹುದೋ ಬಾರದೋ ಎಂದು ಅವರಿಗೂ ಗೊತ್ತಿರಲಿಲ್ಲ. ಕೈ ಎತ್ತದೆ ಎದ್ದು ಹೋಗುವುದು ಹೇಗೆ ಎಂದೂ ಗೊತ್ತಿರಲಿಲ್ಲ. ಅಜ್ಜನ ಕೈಗಳು ಮಂಡಿಯ ಮೇಲೆ ಬಿದ್ದಿದ್ದವು. ಎತ್ತಲು ನೋಡಿದ. ಏಳಲಿಲ್ಲ.

ಹೊರಗೆ ಸಂಜೆಯ ರೈಲಿಗೆ ಹೋಗುವವರ ಸದ್ದು ಶುರುವಾಗಿತ್ತು.

“ಕೈ ಎತ್ತಿ ಅಣ್ಣ,” ಎಂದಳು ಮಸ್ತೂರಾ. “ಜನ ಮನೆಗೆ ಹೋಗ್ಬೇಕು.”

ಅಜ್ಜ ಎತ್ತಿದ. ಅಂಗೈ ತೆರೆದುಕೊಂಡಿತು, ಬಾಯಿಗೆ ಒಂದು ಮಾತೂ ಬರಲಿಲ್ಲ. ಎಲ್ಲರೂ ಕೈ ಚಾಚಿ ಕಾದರು. ಕೊನೆಗೆ ಯಾರೋ ತಾವೇ ಆಮೀನ್ ಎಂದರು, ಎಲ್ಲರೂ ಮುಖ ಸವರಿಕೊಂಡರು, ಬಾಗಿಲ ಬಳಿ ಬೂಟು ಹುಡುಕತೊಡಗಿದರು. ಮಸ್ತೂರಾ ಎಲ್ಲರಿಗಿಂತ ಮೊದಲು ಹೊರಟಳು. ಗಾಡಿಯಲ್ಲಿ ಬೆಳಗಿನ ರೊಟ್ಟಿ ಇತ್ತು, ಅವತ್ತು ಮೊಹಲ್ಲಾದವರೆಲ್ಲ ಕೊಂಡರು.